ಬ್ರಷ್ ಇಲ್ಲದ ಮೋಟರ್: ಒಮ್ಮೆ ಬಿಚ್ಚಿ ನೋಡಿ

ರಜೆಯಲ್ಲಿ ನಂದಿಕೂರಿನ ಮನೆಯಂಗಳದಲ್ಲಿ ಆರ್‌ಸಿ ಕಾರ್ ಓಡಿಸ್ತಾ ಇದ್ದೆವು. ಚೆನ್ನಾಗಿಯೇ ಓಡುತ್ತಿದ್ದದ್ದು ಒಮ್ಮೆಗೇ ಗಡಗಡ ನಡುಗಿ ನಿಂತುಬಿಟ್ಟಿತು. ಥ್ರಾಟಲ್ ಕೊಟ್ಟರೆ ಕೀಂಯ್ ಅಂತ ಸದ್ದು ಮಾತ್ರ. ಮೋಟರ್ ಕೈಯಿಟ್ಟರೆ ಸುಡುವಷ್ಟು ಬಿಸಿ. "ಹೊಸದು ತರಿಸುವ ಮಾರಾಯಾ" ಅಂದ ಗೆಳೆಯ. ಹೊಸ ಮೋಟರ್ ತರಿಸಬಹುದು, ಸರಿ. ಆದರೆ ಹಳೆಯದು ಯಾಕೆ ಹೋಯ್ತು ಅಂತ ಗೊತ್ತಿಲ್ಲದೆ ಹೊಸದನ್ನು ಹಾಕಿದರೆ ಅದೂ ಹೋಗುತ್ತದೆ, ಜತೆಗೆ ಇಎಸ್‌ಸಿಯನ್ನೂ, ಅಂದರೆ ಸ್ಪೀಡ್ ಕಂಟ್ರೋಲರನ್ನೂ, ಸುಟ್ಟುಕೊಂಡು ಹೋಗಬಹುದು. ಅದಕ್ಕೇ ಬಿಚ್ಚಲು ಕೂತೆವು.

ನಮ್ಮದು 3650 ಸೈಜಿನ ಮೋಟರ್. ಈ ನಂಬರಿನ ಅರ್ಥ ಸರಳ: ವ್ಯಾಸ 36 ಮಿ.ಮೀ., ಉದ್ದ 50 ಮಿ.ಮೀ. ಮೇಲೆ 3300 ಕೆವಿ ಅಂತ ಬರೆದಿದೆ. ಇದನ್ನು ಕಿಲೋವೋಲ್ಟ್ ಅಂತ ಓದಿ ಬೆಚ್ಚಿಬಿದ್ದವರನ್ನು ನಾನು ನೋಡಿದ್ದೇನೆ. ಇಲ್ಲಿ ಕೆವಿ ಅಂದರೆ ಲೋಡ್ ಇಲ್ಲದಾಗ ಒಂದು ವೋಲ್ಟಿಗೆ ಎಷ್ಟು ಆರ್‌ಪಿಎಂ ಅನ್ನುವ ಲೆಕ್ಕ. 7.4 ವೋಲ್ಟಿನ ಲಿಪೋ ಬ್ಯಾಟರಿ ಹಾಕಿದರೆ 24,420 ಆರ್‌ಪಿಎಂ, ಸೆಕೆಂಡಿಗೆ 407 ಸುತ್ತು.

ಬಿಚ್ಚುವ ಮೊದಲೇ ಮಾಡಬೇಕಾದ ಪರೀಕ್ಷೆ ಒಂದಿದೆ, ಮತ್ತು ನಾವು ಎಡವಿದ್ದು ಅಲ್ಲೇ. ಮೋಟರನ್ನು ಕಾರಿನಿಂದ ತೆಗೆದು, ಮಲ್ಟಿಮೀಟರಿನ ಒಂದು ತುದಿಯನ್ನು ಅದರ ಬಾಡಿಗೂ ಇನ್ನೊಂದನ್ನು ಮೂರು ವೈರ್‌ಗಳಲ್ಲಿ ಒಂದಕ್ಕೂ ಇಟ್ಟೆವು. ಬೀಪ್ ಇಲ್ಲ. ವೈಂಡಿಂಗ್ ಸರಿ ಇದೆ ಅಂತ ಅಂದುಕೊಂಡೆವು. ಮೋಟರ್ ಕಾರಿನಲ್ಲೇ ಇರುವಾಗ ಇದನ್ನು ಮಾಡಿದ್ದರೆ ಕಥೆಯೇ ಬೇರೆ ಇರುತ್ತಿತ್ತು. ಯಾಕೆ ಅಂತ ಮುಂದೆ ಹೇಳ್ತೇನೆ.

ಬಿಚ್ಚುವುದು ಕಷ್ಟವೇನಲ್ಲ. ಪಿನಿಯನ್ ಗೇರಿನ ಗ್ರಬ್ ಸ್ಕ್ರೂ ಹಟ ಮಾಡಿದರೆ ಸೋಲ್ಡರಿಂಗ್ ಐರನ್ ತುದಿಯಿಂದ ಸ್ವಲ್ಪ ಹೊತ್ತು ಬಿಸಿ ಮಾಡಿ. ಒಳಗಿನ ಅಂಟು ಮೆತ್ತಗಾಗುತ್ತದೆ. ಬಾಡಿಗೂ ಹಿಂದಿನ ಮುಚ್ಚಳಕ್ಕೂ ಸೇರಿಸಿ ಮಾರ್ಕರಿನಲ್ಲಿ ಒಂದು ಗೆರೆ ಎಳೆಯಿರಿ, ತಿರುಗಿ ಜೋಡಿಸುವಾಗ ಬೇಕಾಗುತ್ತದೆ. ಮುಚ್ಚಳದ ಸ್ಕ್ರೂ ತೆಗೆದು ರೋಟರನ್ನು ಎಳೆದರೆ ಅದು ಬರುವುದಿಲ್ಲ, ಒಳಕ್ಕೇ ಜಗ್ಗುತ್ತದೆ. ಅದು ಮ್ಯಾಗ್ನೆಟ್. ನೇರವಾಗಿ ಎಳೆಯಿರಿ, ಬೆರಳು ಸಿಕ್ಕಿಸಿಕೊಳ್ಳಬೇಡಿ. ಶಾಫ್ಟಿನ ಎರಡು ಕಡೆ ತೆಳ್ಳನೆಯ ವಾಷರ್‌ಗಳಿರುತ್ತವೆ. ಯಾವ ಕಡೆ ಎಷ್ಟು ಅಂತ ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಹೊರಗೆ ಬಂದ ರೋಟರನ್ನು ಅಂಗಳದಲ್ಲಿ ಮಾತ್ರ ಇಡಬೇಡಿ ಮಾರಾಯ್ರೇ. ಮರಳಿನ ಕಪ್ಪು ಕಣ ಎಲ್ಲ ಬಂದು ಮೆತ್ತಿಕೊಂಡರೆ ತೆಗೆಯುವಷ್ಟರಲ್ಲಿ ಸಾಕುಬೇಕಾಗುತ್ತದೆ.

ರೋಟರಿನ ಸುತ್ತ ಒಂದು ಸಣ್ಣ ಮ್ಯಾಗ್ನೆಟ್ ಹಿಡಿದು ತಿರುಗಿಸಿ ನೋಡಿ. ಒಂದು ಕಡೆ ಎಳೆಯುತ್ತದೆ, ಮುಂದೆ ತಳ್ಳುತ್ತದೆ, ಮತ್ತೆ ಎಳೆಯುತ್ತದೆ, ಮತ್ತೆ ತಳ್ಳುತ್ತದೆ. ನಾಲ್ಕು ಪೋಲ್, ಅಂದರೆ ಎರಡು ಜೋಡಿ. ಮ್ಯಾಗ್ನೆಟ್‌ಗಳ ಮೇಲೆ ಗಟ್ಟಿ ನಾರಿನ ಪಟ್ಟಿ ಸುತ್ತಿ ಎಪಾಕ್ಸಿ ಹಾಕಿದ್ದಾರೆ. ಅಲಂಕಾರಕ್ಕೆ ಅಂತ ಕಂಡರೆ ಈ ಲೆಕ್ಕ ಮಾಡಿ: ರೋಟರಿನ ವ್ಯಾಸ ಸುಮಾರು 16 ಮಿ.ಮೀ., ತ್ರಿಜ್ಯ 8. ಸೆಕೆಂಡಿಗೆ 407 ಸುತ್ತು ಅಂದರೆ ಸುಮಾರು 2,557 ರೇಡಿಯನ್. ಅದರ ವರ್ಗವನ್ನು ತ್ರಿಜ್ಯದಿಂದ ಗುಣಿಸಿದರೆ 52,000ಕ್ಕೂ ಹೆಚ್ಚು, ಗುರುತ್ವದ 5,300 ಪಟ್ಟು. ಒಂದು ಗ್ರಾಂ ಮ್ಯಾಗ್ನೆಟ್ ಐದು ಕಿಲೋಗಿಂತ ಹೆಚ್ಚು ಭಾರದಲ್ಲಿ ಹೊರಕ್ಕೆ ಎಳೆಯುತ್ತಿದೆ. ಆ ಪಟ್ಟಿ ಹರಿದಿದ್ದರೆ ಅಂಥ ರೋಟರನ್ನು ಮತ್ತೆ ತಿರುಗಿಸಲೇಬೇಡಿ.

ಇನ್ನು ಹೊರಗಿನ ಸ್ಟೇಟರ್. ತೆಳ್ಳನೆಯ ಉಕ್ಕಿನ ಹಾಳೆಗಳನ್ನು ಒತ್ತಿ ಜೋಡಿಸಿದ್ದು, ಸಂದಿಗಳಲ್ಲಿ ಮೂರು ಫೇಸಿನ ತಾಮ್ರ. ಇದನ್ನು ನೋಡಿದಾಗ ನನಗೆ ಫಕ್ಕನೆ ನೆನಪಾದದ್ದು ನಮ್ಮೂರಿನ ಪಕ್ಕದ್ದೇ ಎಲ್ಲೂರಿನ ಉಷ್ಣ ವಿದ್ಯುತ್ ಸ್ಥಾವರ. ಅಲ್ಲಿರುವುದು 600 ಮೆಗಾವ್ಯಾಟಿನ ಎರಡು ಯೂನಿಟ್. ಅಲ್ಲಿಯೂ ಸ್ಟೇಟರಿನಲ್ಲಿ ಮೂರು ಫೇಸ್, ಒಳಗೆ ತಿರುಗುವ ಅಯಸ್ಕಾಂತ. ಅಲ್ಲಿಯದು ಡಿಸಿ ಕೊಟ್ಟು ಮಾಡಿದ ವಿದ್ಯುತ್ಕಾಂತ, ನಮ್ಮದು ಶಾಶ್ವತ ಅಯಸ್ಕಾಂತ, ಅಷ್ಟೇ. ಅದು ಒಂದು ಜೋಡಿ ಪೋಲ್ ಇಟ್ಟುಕೊಂಡು 3000 ಆರ್‌ಪಿಎಂನಲ್ಲಿ ತಿರುಗಿ 50 ಹರ್ಟ್ಸ್ ಕೊಡುತ್ತದೆ. ನಮ್ಮ ಮೋಟರಿಗೆ ಪೂರ್ಣ ವೇಗದಲ್ಲಿ 814 ಹರ್ಟ್ಸ್ ಬೇಕು. ಪುಸ್ತಕದಲ್ಲಿ ಸಿಂಕ್ರೊನಸ್ ಮಷಿನ್ ಅಂತ ಓದಿ ಪರೀಕ್ಷೆ ಬರೆದು ಮರೆತದ್ದು ಇಲ್ಲಿ ಅಂಗೈಯಲ್ಲಿ ಕೂತಿತ್ತು.

ಹಾಗಾದರೆ ಬ್ರಷ್ ಎಲ್ಲಿ ಹೋಯ್ತು? ಬ್ರಷ್ ಹೋಯ್ತು, ಅದರ ಕೆಲಸ ಹೋಗಲಿಲ್ಲ. ಹಳೆಯ ಡಿಸಿ ಮೋಟರಿನಲ್ಲಿ ಕಾರ್ಬನ್ ಬ್ರಷ್ ಕಮ್ಯುಟೇಟರಿನ ಮೇಲೆ ಉಜ್ಜುತ್ತಾ ಸರಿಯಾದ ಹೊತ್ತಿಗೆ ಕರೆಂಟನ್ನು ಒಂದು ಕಾಯಿಲಿನಿಂದ ಇನ್ನೊಂದಕ್ಕೆ ಬದಲಿಸುತ್ತಿತ್ತು. ಈಗ ಅದನ್ನು ಇಎಸ್‌ಸಿಯ ಮಾಸ್‌ಫೆಟ್‌ಗಳು ಮಾಡುತ್ತವೆ. ಪ್ರತಿ ವಿದ್ಯುತ್ ಸುತ್ತಿಗೆ ಆರು ಬದಲಾವಣೆ, ನಮ್ಮ ರೋಟರ್ ಒಂದು ಸುತ್ತು ಬಂದರೆ ಹನ್ನೆರಡು, ಸೆಕೆಂಡಿಗೆ 4,884. ಯಾವ ಕ್ಷಣದಲ್ಲೂ ಎರಡು ವೈರ್‌ನಲ್ಲಿ ಕರೆಂಟ್, ಮೂರನೆಯದು ಖಾಲಿ. ಆ ಖಾಲಿ ವೈರ್‌ನಲ್ಲಿ ರೋಟರ್ ಹುಟ್ಟಿಸುವ ವೋಲ್ಟೇಜ್ ನೋಡಿಯೇ ರೋಟರ್ ಎಲ್ಲಿದೆ ಅಂತ ಇಎಸ್‌ಸಿ ತಿಳಿದುಕೊಳ್ಳುತ್ತದೆ. ಮೋಟರ್ ನಿಂತಿರುವಾಗ ಆ ವೋಲ್ಟೇಜ್ ಇರುವುದಿಲ್ಲ. ಅದಕ್ಕೇ ಸೆನ್ಸರ್ ಇಲ್ಲದ ಮೋಟರ್ ಹೊರಡುವಾಗ ಸ್ವಲ್ಪ ತಡವರಿಸುವುದು. ಸೆನ್ಸರ್ ಇರುವ ಮೋಟರಿನಲ್ಲಿ ಮೂರು ಹಾಲ್ ಸೆನ್ಸರ್‌ಗಳು ಈ ಸುದ್ದಿಯನ್ನು ಮೊದಲೇ ಕೊಡುತ್ತವೆ.

ಈಗ ನಮ್ಮ ರೋಗಿಯ ಕಡೆ. ಮುಂಭಾಗದ ಸ್ಕ್ರೂ ತೂತಿನೊಳಗೆ ಟಾರ್ಚ್ ಬಿಟ್ಟಾಗ ವೈಂಡಿಂಗಿನ ಒಂದು ಜಾಗ ಜಜ್ಜಿ ಕಪ್ಪಾಗಿರುವುದು ಕಾಣಿಸಿತು. ಹಿಂದಿನ ವಾರ ಮೋಟರ್ ಕೂರಿಸುವಾಗ ಒಂದು ಸ್ಕ್ರೂ ಕಳೆದಿತ್ತು. ನಾನೇ ಡಬ್ಬಿಯಲ್ಲಿ ಹುಡುಕಿ ಸಿಕ್ಕಿದ ಎಂ3 ಸ್ಕ್ರೂ ಹಾಕಿದ್ದೆ. ಮರೆ ಸರಿ ಕೂತಿತು ಅಂತ ಖುಷಿಯಾಗಿದ್ದೆ, ಉದ್ದ ನೋಡಲಿಲ್ಲ. ಬೇಕಾದದ್ದು 6 ಮಿ.ಮೀ., ನಾನು ಹಾಕಿದ್ದು 12. ಅದು ಮುಚ್ಚಳ ದಾಟಿ ಹೋಗಿ ಎರಡು ಸುತ್ತಿನ ಎನಾಮೆಲ್ ಕೆರೆದು ಶಾರ್ಟ್ ಮಾಡಿದೆ, ಬಾಡಿಗೂ ತಾಗಿದೆ. ಸ್ಕ್ರೂ ತೆಗೆದ ಮೇಲೆ ಬಾಡಿಯ ಸಂಪರ್ಕ ತಪ್ಪಿತು, ಮೀಟರ್ ಸುಮ್ಮನಾಯಿತು. ಎರಡು ಸುತ್ತುಗಳ ನಡುವಿನ ಶಾರ್ಟ್ ಮಾತ್ರ ಹಾಗೇ ಉಳಿದಿತ್ತು. ಅದನ್ನು ಸಾಮಾನ್ಯ ಮಲ್ಟಿಮೀಟರಿನ ಓಮ್ಸ್‌ನಲ್ಲಿ ಹಿಡಿಯಲಾಗದು, ಈ ವೈಂಡಿಂಗಿನ ರೆಸಿಸ್ಟೆನ್ಸ್ ಅಷ್ಟು ಕಡಿಮೆ.

ತೋಟದ ಪಂಪ್ ಮೋಟರ್‌ಗಳಿಗೆ ವೈಂಡಿಂಗ್ ಮಾಡುವ ಒಬ್ಬರ ಹತ್ತಿರ ಒಯ್ದೆವು. ಕನ್ನಡಕ ಏರಿಸಿ ನೋಡಿ, "ಇದು ನಮ್ಮ ಪಂಪಿನದ್ದೇ ಅಲ್ವಾ, ಮರಿ ಹಾಕಿದ್ದು" ಅಂದರು. ತಾಮ್ರ ಪೂರ್ತಿ ಸುಟ್ಟಿರಲಿಲ್ಲ. ಬಿದಿರಿನ ಕಡ್ಡಿಯಲ್ಲಿ ಸುತ್ತುಗಳನ್ನು ಬಿಡಿಸಿ, ನಡುವೆ ಇನ್ಸುಲೇಷನ್ ಪೇಪರ್ ತೂರಿಸಿ, ವಾರ್ನಿಷ್ ಹಚ್ಚಿ ಬಲ್ಬಿನ ಕೆಳಗೆ ಒಣಗಲು ಇಟ್ಟರು. ದುಡ್ಡು ಕೇಳಿದ್ದಕ್ಕೆ, "ಓಡಿದರೆ ಕೊಡಿ" ಅಂದರು.

ಓಡುತ್ತದಾ ಅಂತ ನೋಡಲು ಬ್ಯಾಟರಿ ಬೇಡ. ಶಾಫ್ಟನ್ನು ಡ್ರಿಲ್ ಮಷಿನ್ನಿಗೆ ಕಚ್ಚಿಸಿ 3000 ಆರ್‌ಪಿಎಂ ಆಸುಪಾಸಿನಲ್ಲಿ ತಿರುಗಿಸಿ, ಎರಡೆರಡು ವೈರ್ ಹಿಡಿದು ಎಸಿ ವೋಲ್ಟೇಜ್ ಅಳೆಯಿರಿ. 3000ವನ್ನು 3300ರಿಂದ ಭಾಗಿಸಿದರೆ ಗರಿಷ್ಠ 0.91 ವೋಲ್ಟ್, ಮೀಟರಿನಲ್ಲಿ ಸರಿಸುಮಾರು 0.64 ಬರಬೇಕು. ಸಂಖ್ಯೆ ಸ್ವಲ್ಪ ಹೆಚ್ಚುಕಮ್ಮಿಯಾದರೆ ತೊಂದರೆಯಿಲ್ಲ, ಮೂರು ಜೋಡಿಯಲ್ಲೂ ಒಂದೇ ಬರುವುದು ಮುಖ್ಯ. ಶಾರ್ಟ್ ಆದ ಫೇಸ್ ಇದ್ದರೆ ಒಂದು ಜೋಡಿ ಬೇರೆಯಾಗಿ ಓದುತ್ತದೆ, ಮೋಟರೂ ಬೇಗ ಬಿಸಿಯಾಗುತ್ತದೆ.

ನಮ್ಮದರಲ್ಲಿ ಮೂರೂ ಒಂದೇ ಬಂತು. ಮೋಟರನ್ನು ಕಾರಿಗೆ ಕೂರಿಸಿ, 6 ಮಿ.ಮೀ. ಸ್ಕ್ರೂ ಬಿಗಿ ಮಾಡಿ, ಈ ಸಲ ಮರೆಯದೆ ಬಾಡಿಗೂ ವೈರಿಗೂ ಮತ್ತೊಮ್ಮೆ ಮೀಟರ್ ಇಟ್ಟೆವು. ಬೀಪ್ ಇಲ್ಲ. ಆಮೇಲೇ ಇಎಸ್‌ಸಿಗೆ ಜೋಡಿಸಿದ್ದು. ಸಂಜೆ ವೈಂಡಿಂಗಿನವರಿಗೆ ದುಡ್ಡು ಕೊಡಲು ಹೋದಾಗ ಕಾರನ್ನೂ ಒಯ್ದಿದ್ದೆವು. ಅವರು ರಿಮೋಟ್ ತಮ್ಮ ಕೈಗೆ ತೆಗೆದುಕೊಂಡವರು ಅರ್ಧ ಗಂಟೆ ವಾಪಸ್ ಕೊಡಲಿಲ್ಲ.