ಮುಳ್ಳಿನ ಮಲ್ಟಿಮೀಟರು: ಒಳಗೇನಿದೆ, ಪಂಪುಮನೆಯಲ್ಲಿ ಹೇಗೆ ಬಳಸಬೇಕು



ಹೂಮಳೆ ಕೈಕೊಟ್ಟು ಕಾಫಿಗೆ ಸ್ಪ್ರಿಂಕ್ಲರ್ ಹಾಕುವ ಹೊತ್ತಿಗೇ, ಅಡಕೆ ತೋಟ ಬಾಯಾರುವ ಹೊತ್ತಿಗೇ ಪಂಪ್‌ಸೆಟ್ಟಿನ ಮೋಟಾರು ಸುಡುವುದು ನಮಗೆಲ್ಲ ಗೊತ್ತಿರುವ ಕಷ್ಟ. ರೀವೈಂಡಿಂಗ್ ಮುಗಿಸಿ ತರುವಷ್ಟರಲ್ಲಿ ಹೂ ಅರಳುವ ಕಾಲ ಮೀರಿರುತ್ತದೆ. ಬಹಳ ಸಲ ಇದಕ್ಕೆ ಕಾರಣ ವೋಲ್ಟೇಜಿನ ಕುಸಿತ, ಇಲ್ಲವೇ ಮೂರು ಫೇಸುಗಳಲ್ಲಿ ಒಂದು ಇಲ್ಲದಿರುವುದು. ಎರಡನ್ನೂ ಮೊದಲೇ ತಿಳಿಸುವ ಸಾಧನ ಮಲ್ಟಿಮೀಟರು.

ಬ್ರಿಟನ್ನಿನ ಅಂಚೆ ಇಲಾಖೆಯ ಎಂಜಿನಿಯರ್ ಡೊನಾಲ್ಡ್ ಮೆಕಾಡಿ ಎಂಬವರು ಮೂರು ಅಳತೆಗೆ ಮೂರು ಮೀಟರು ಹೊರುವುದು ಬೇಸರವಾಗಿ ಇಂಥದೊಂದನ್ನು ರೂಪಿಸಿದರು. ಅದು 1923ರಲ್ಲಿ ಮಾರುಕಟ್ಟೆಗೆ ಬಂತು. ಆಂಪಿಯರ್, ವೋಲ್ಟ್, ಓಮ್ ಸೇರಿಸಿ ಅದಕ್ಕೆ 'ಆವೋ' ಎಂದು ಹೆಸರಿಟ್ಟರು. ಇದರ ಒಳಗುಟ್ಟು ದೊಡ್ಡ ವಿದ್ಯೆಯೇನಲ್ಲ. ನಮ್ಮ ಎಷ್ಟೋ ಮಕ್ಕಳು ಬೆಂಗಳೂರಿನ ಜಯನಗರ, ಬನಶಂಕರಿ, ಜೆ.ಪಿ. ನಗರಗಳಲ್ಲಿ ರೂಮು ಮಾಡಿಕೊಂಡು ಪಿ.ಯು.ಸಿ. ವಿಜ್ಞಾನ ಓದುತ್ತಾರಷ್ಟೆ. ಗ್ಯಾಲ್ವನೋಮೀಟರನ್ನು ಆಮ್ಮೀಟರು, ವೋಲ್ಟ್‌ಮೀಟರುಗಳಾಗಿ ಮಾರ್ಪಡಿಸುವುದು ಅವರ ಪಾಠದಲ್ಲೇ ಇದೆ. ಮಲ್ಟಿಮೀಟರೆಂದರೆ ಅದೇ ಪಾಠವನ್ನು ಪೆಟ್ಟಿಗೆಯೊಳಗಿಟ್ಟದ್ದು. ರಜೆಗೆ ಬಂದಾಗ ಕೂರಿಸಿಕೊಂಡು ಕೇಳಿ.

ಪೆಟ್ಟಿಗೆಯೊಳಗೆ ಒಂದು ಶಾಶ್ವತ ಕಾಂತ, ಅದರ ಎರಡು ಧ್ರುವಗಳ ನಡುವೆ ಮೆದು ಕಬ್ಬಿಣದ ಉರುಳೆ. ಉರುಳೆಯ ಸುತ್ತ ಕೂದಲೆಳೆಯಂಥ ತಾಮ್ರದ ತಂತಿಯ ಸುರುಳಿ. ಸುರುಳಿಗೆ ಸೂಚಿ ಮುಳ್ಳು ಅಂಟಿದೆ. ವಿದ್ಯುತ್ತು ಹರಿದಾಗ ಸುರುಳಿ ತಿರುಗಲು ನೋಡುತ್ತದೆ. ಎರಡು ಸಣ್ಣ ಸ್ಪ್ರಿಂಗುಗಳು ಹಿಂದಕ್ಕೆ ಎಳೆಯುತ್ತವೆ. ಇಬ್ಬರ ಜಗ್ಗಾಟ ಸಮನಾದಲ್ಲಿ ಮುಳ್ಳು ನಿಲ್ಲುತ್ತದೆ. ಸುರುಳಿಯ ಅಲ್ಯೂಮಿನಿಯಂ ಚೌಕಟ್ಟು ಮುಳ್ಳು ತೂಗಾಡದಂತೆ ತಡೆಯುತ್ತದೆ.

ಸಾಧಾರಣವಾದ ಒಂದು ಒಳ್ಳೆಯ ಮೀಟರಿನಲ್ಲಿ ಮುಳ್ಳು ಕೊನೆಮುಟ್ಟಲು 50 ಮೈಕ್ರೋ ಆಂಪಿಯರ್ ಸಾಕು, ಅಂದರೆ ಒಂದು ಆಂಪಿಯರಿನ 20,000ದಲ್ಲಿ ಒಂದು ಪಾಲು. ಸುರುಳಿಯ ರೋಧ 2,000 ಓಮ್ ಎಂದಿಟ್ಟುಕೊಳ್ಳಿ. 10 ವೋಲ್ಟ್ ಅಳೆಯಬೇಕಾದರೆ ಒಟ್ಟು ರೋಧ 2,00,000 ಓಮ್ ಇರಬೇಕು; ಆದ್ದರಿಂದ 1,98,000 ಓಮಿನ ರೋಧಕವನ್ನು ಸುರುಳಿಯ ಸಾಲಿನಲ್ಲೇ ಸೇರಿಸುತ್ತಾರೆ. ಅರ್ಧ ಆಂಪಿಯರ್ ಅಳೆಯುವಾಗ ಇದು ತಲೆಕೆಳಗು: ಸುಮಾರು 0.2 ಓಮಿನ ತುಂಡನ್ನು ಸುರುಳಿಗೆ ಸಮಾಂತರವಾಗಿ ಜೋಡಿಸುತ್ತಾರೆ. ತೋಟದ ಕಾಲುವೆಗೆ ಪಕ್ಕಗಾಲುವೆ ತೋಡಿದಂತೆ ಹೆಚ್ಚಿನ ವಿದ್ಯುತ್ತು ಅತ್ತ ಹರಿದುಹೋಗುತ್ತದೆ. ನಡುವಿನ ಗುಂಡಿ ತಿರುಗಿಸಿದಾಗ ನಾವು ಬದಲಿಸುವುದು ಈ ರೋಧಕಗಳನ್ನೇ. ಎ.ಸಿ. ಅಳತೆಗೆ ಡಯೋಡುಗಳು ಪ್ರವಾಹವನ್ನು ಒಂದೇ ದಿಕ್ಕಿಗೆ ತಿರುಗಿಸಿಕೊಡುತ್ತವೆ.

ಓಮ್ ಅಳೆಯುವಾಗ ಮಾತ್ರ ಒಳಗಿನ ಸೆಲ್ಲು ಕೆಲಸ ಮಾಡುತ್ತದೆ. ಅದಕ್ಕೇ ಸೊನ್ನೆ ಬಲಗಡೆ ಇರುವುದು. ಎರಡು ತಂತಿಗಳನ್ನೂ ಮುಟ್ಟಿಸಿ ಮುಳ್ಳನ್ನು ಸೊನ್ನೆಗೆ ತರಬೇಕು. ಬಾರದಿದ್ದರೆ ಸೆಲ್ಲು ಸೋತಿದೆ.

ಈಗ ಪಂಪುಮನೆಗೆ ಬರೋಣ. ಗುಂಡಿ ಎ.ಸಿ. 500 ಅಥವಾ 1000ದಲ್ಲಿದೆಯೇ ಎಂದು ಎರಡು ಸಲ ನೋಡಿ. ಓಮ್ ಅಥವಾ ಮಿಲಿಆಂಪಿಯರಿನಲ್ಲಿಟ್ಟು ಲೈನಿಗೆ ಮುಟ್ಟಿಸಿದರೆ ಮೀಟರು ಸುಡುವುದಿರಲಿ, ಕೈ ಸುಡಬಹುದು. ಒಣ ಚಪ್ಪಲಿ ಇರಲಿ. ತಂತಿಯ ಹೊದಿಕೆ ಬಿರುಕು ಬಿಟ್ಟಿದ್ದರೆ ಮುಟ್ಟಲೇಬೇಡಿ. ಸ್ಟಾರ್ಟರಿಗೆ ಬರುವ ಮೂರು ಲೈನುಗಳನ್ನು ಎರಡೆರಡಾಗಿ ಅಳೆಯಿರಿ. ಮೂರು ಸಲವೂ 415ರ ಆಸುಪಾಸು ಬರಬೇಕು. 350ರ ಹತ್ತಿರಕ್ಕೆ ಇಳಿದಿದ್ದರೆ ಆ ಹೊತ್ತು ನೀರು ಬಿಡದಿರುವುದೇ ಲೇಸು. ವೋಲ್ಟೇಜು ಇಳಿದರೂ ನೀರೆತ್ತುವ ಭಾರ ಇಳಿಯುವುದಿಲ್ಲ. ಮೋಟಾರು ಹೆಚ್ಚು ಪ್ರವಾಹ ಎಳೆಯುತ್ತದೆ. ಪ್ರವಾಹ ಎರಡು ಪಟ್ಟಾದರೆ ಸುರುಳಿಯ ಕಾವು ನಾಲ್ಕು ಪಟ್ಟು.

ಫೇಸು ಹೋಗಿದೆಯೇ ಎಂದು ನೋಡುವಾಗ ಮೋಟಾರು ನಿಂತಿರಬೇಕು. ಓಡುತ್ತಿರುವ ಮೋಟಾರು ಸತ್ತ ಫೇಸಿನಲ್ಲೂ ತಾನೇ ವೋಲ್ಟೇಜು ಹುಟ್ಟಿಸಿ, ಎಲ್ಲ ಸರಿಯಿದೆಯೆಂದು ತೋರಿಸಿಬಿಡುತ್ತದೆ. ನಿಲ್ಲಿಸಿ ಅಳೆದ ಮೇಲೆ, ಚಾಲೂ ಮಾಡಿ ಇನ್ನೊಮ್ಮೆ ಅಳೆದರೆ ಉದ್ದದ ತಂತಿಯಲ್ಲಿ ಎಷ್ಟು ಸೋರುತ್ತಿದೆ ಎಂಬುದೂ ತಿಳಿಯುತ್ತದೆ. ಮೋಟಾರಿನ ಆಂಪಿಯರನ್ನು ಮಾತ್ರ ಇದರಿಂದ ಅಳೆಯಲು ಹೋಗಬೇಡಿ. ಅದಕ್ಕೆ ಟಾಂಗ್ ಟೆಸ್ಟರು ಬೇರೆಯೇ ಇದೆ. ಸುರುಳಿ ಬಾಡಿಗೆ ತಾಗಿದೆಯೇ ಎಂಬ ಪೂರ್ಣ ಪರೀಕ್ಷೆಗೆ ಮೆಗ್ಗರ್ ಬೇಕು. ಮಲ್ಟಿಮೀಟರಿನ ಸಣ್ಣ ಸೆಲ್ಲಿಗೆ ಒದ್ದೆ ಹಿಡಿದ ಇನ್ಸುಲೇಷನ್ನಿನ ದೋಷ ಕಾಣುವುದಿಲ್ಲ.

ಈಗ ಅಂಕಿ ತೋರಿಸುವ ಡಿಜಿಟಲ್ ಮೀಟರು ಅಗ್ಗವಾಗಿ ಸಿಗುವಾಗ ಮುಳ್ಳಿನದು ಯಾಕೆ ಎಂದು ಕೇಳುವವರುಂಟು. ಡಿಜಿಟಲ್ ಮೀಟರಿನ ಒಳರೋಧ ಸಾಮಾನ್ಯವಾಗಿ ಒಂದು ಕೋಟಿ ಓಮ್. ಬದುಕಿರುವ ತಂತಿಯ ಪಕ್ಕದಲ್ಲಿ ಉದ್ದಕ್ಕೆ ಹೋದ ಸತ್ತ ತಂತಿಯಲ್ಲೂ ಅದು ನೂರಾರು ವೋಲ್ಟ್ ತೋರಿಸಬಹುದು. ಆ ವೋಲ್ಟೇಜಿಗೆ ಕಸುವಿಲ್ಲ. ಮುಳ್ಳಿನ ಮೀಟರು ಸ್ವಲ್ಪ ಪ್ರವಾಹ ಕುಡಿಯುವುದರಿಂದ ಅಂಥ ಭೂತ ವೋಲ್ಟೇಜು ಅಲ್ಲೇ ಕುಸಿದು ಮುಳ್ಳು ತಳಕ್ಕೆ ಬೀಳುತ್ತದೆ. ಲೈನು ತೂಗಾಡುತ್ತಿದ್ದರೆ ಮುಳ್ಳಿನ ಅಲುಗಾಟವೂ ಕಣ್ಣಿಗೆ ಕಾಣುತ್ತದೆ. ಕೊಳ್ಳುವಾಗ ಅಂಕಿಪಟ್ಟಿಯ ಕೆಳಗೆ ಕನ್ನಡಿ ಪಟ್ಟಿ ಇರುವುದನ್ನು ಆರಿಸಿ. ಮುಳ್ಳು ತನ್ನ ನೆರಳನ್ನು ಮುಚ್ಚುವಂತೆ ನೇರವಾಗಿ ನೋಡಿ ಓದಿದರೆ ಅಂಕಿ ತಪ್ಪದು. ಮಳೆಗಾಲದಲ್ಲಿ ಸೆಲ್ಲು ಬಿಚ್ಚಿಟ್ಟು, ಮೀಟರನ್ನು ಪಂಪುಮನೆಯಲ್ಲಿ ಬಿಡದೆ ಮನೆಯೊಳಗೆ ಒಣ ಜಾಗದಲ್ಲಿಡಿ.