ಹಳೇ ಗಿಟಾರು: ಕತ್ತು ನೋಡಿ ಕೊಳ್ಳಿ

ಪುಲಿಕೇಶಿನಗರದ ಹಳೇ ಮನೆಯೊಂದರಲ್ಲಿ ಮಾರಾಟಕ್ಕಿರುವ ಎಲೆಕ್ಟ್ರಿಕ್ ಗಿಟಾರ್ ಕೊಳ್ಳಬಹುದೇ ಎಂದು ಕೇಳಿದ್ದೀರಿ. ಫೋಟೋದಲ್ಲಿ ಹೊಳೆಯುವ ಬಣ್ಣ ನೋಡಿ ಮನಸ್ಸು ಕೊಡಬೇಡಿ.

ಮೊದಲು ಹೆಸರು ಓದಿ. ತಲೆಯ ಮೇಲೆ ‘ಗಿವ್ಸನ್’ ಎಂದಿದ್ದರೆ ಅದು ಕೋಲ್ಕತ್ತದ್ದು, ಅಮೆರಿಕದ ಗಿಬ್ಸನ್ ಅಲ್ಲ. ಕಲಿಯುವವರಿಗೆ ಅದೇನೂ ಕೀಳಲ್ಲ, ಗಿಬ್ಸನ್ ಬೆಲೆ ಮಾತ್ರ ಕೊಡಬೇಡಿ.

ಆಮೇಲೆ ಕತ್ತು. ದಪ್ಪ ತಂತಿಯನ್ನು ಮೊದಲ ಫ್ರೆಟ್‌ನಲ್ಲೂ ಕತ್ತು ಒಡಲಿಗೆ ಸೇರುವಲ್ಲೂ ಒತ್ತಿಹಿಡಿಯಿರಿ. ಏಳನೇ ಫ್ರೆಟ್ ಬಳಿ ವಿಸಿಟಿಂಗ್ ಕಾರ್ಡ್ ದಪ್ಪದ ಸಂದು ಕಂಡರೆ ಸರಿ. ಜಾಸ್ತಿಯಿದ್ದರೆ ಕತ್ತಿನ ಬಾಗು ಸರಿಪಡಿಸುವ ಒಳಗಿನ ಟ್ರಸ್ ರಾಡ್ ತಿರುಗುತ್ತದೆಯೇ ಎಂದು ರಿಪೇರಿಯವರಿಂದಲೇ ಪರೀಕ್ಷೆ ಮಾಡಿಸಿ. ನೀವೇ ಬಲ ಹಾಕಿದರೆ ಮುರಿದೀತು. ರಾಡ್ ಜಾಮ್ ಆಗಿದ್ದರೆ ಕೈಬಿಡಿ. ಫ್ರೆಟ್‌ಗಳಲ್ಲಿ ತಂತಿ ಕೊರೆದ ಆಳದ ಗುಳಿಗಳಿದ್ದರೆ ಅವನ್ನು ಬದಲಿಸುವ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ.

ಆ್ಯಂಪ್‌ಗೆ ಹಾಕದೆ ಕೊಳ್ಳಲೇಬೇಡಿ. ಗುಂಡಿ ತಿರುಗಿಸಿದಾಗ ಕರಕರ ಎಂದರೆ ಸಾಮಾನ್ಯವಾಗಿ ಧೂಳು, ಕ್ಲೀನರ್ ಸ್ಪ್ರೇಗೆ ಹೋಗುತ್ತದೆ. ತಂತಿಯ ಸದ್ದು ಹಿಡಿಯುವ ಪಿಕಪ್‌ಗಳಲ್ಲಿ ಒಂದು ಪೂರ್ತಿ ಮೂಕವಾಗಿದ್ದರೆ ಚೌಕಾಸಿ ಮಾಡಿ. ಗುಂಯ್ ಎನ್ನುವ ಸದ್ದಿಗೆ ಹಳೇ ಮನೆಯ ಅರ್ಥಿಂಗ್ ಕೂಡ ಕಾರಣವಿರಬಹುದು, ಬೇರೆ ಕಡೆಯೂ ನುಡಿಸಿ ನೋಡಿ. ಸಿಂಗಲ್ ಕಾಯಿಲ್ ಪಿಕಪ್ ಒಂದಿಷ್ಟು ಗುನುಗುವುದು ಅದರ ಹುಟ್ಟುಗುಣ.

‘ವಿಂಟೇಜ್’ ಎಂಬ ಮಾತಿಗೆ ದುಡ್ಡು ಸುರಿಯಬೇಡಿ. ಕತ್ತು ನೆಟ್ಟಗಿದ್ದು, ರಿಪೇರಿ ಸೇರಿಸಿದರೂ ಹೊಸದಕ್ಕಿಂತ ಸಾಕಷ್ಟು ಅಗ್ಗವಾಗುವಂತಿದ್ದರೆ ಕೊಳ್ಳಿ. ಇಲ್ಲವಾದರೆ ಹೊಸದೇ ವಾಸಿ.