ಹೊರೆಗೆ ತಕ್ಕ ಟ್ರೇಲರ್: ಸ್ಪೋರ್ಟ್ಸ್ ಕಾರಿನ ಹಿಂದೆ ನಾಲ್ಕು ಟೈರು ಸಾಗಿಸುವ ಲೆಕ್ಕಾಚಾರ

ಅಮೆರಿಕ ಮತ್ತು ಬ್ರಿಟನ್ನಿನಲ್ಲಿ ಸ್ವಂತ ಸ್ಪೋರ್ಟ್ಸ್ ಕಾರನ್ನು ರೇಸ್ ಪಥದ ಮೇಲೆ ಓಡಿಸುವ ಹವ್ಯಾಸ ಬಹುಕಾಲದಿಂದ ಬೇರೂರಿದೆ. ಕ್ಯಾಲಿಫೋರ್ನಿಯದ ಲಗುನಾ ಸೆಕಾ, ಇಂಗ್ಲೆಂಡಿನ ಬ್ರ್ಯಾಂಡ್ಸ್ ಹ್ಯಾಚ್ ಮೊದಲಾದ ಪಥಗಳಲ್ಲಿ ಶುಲ್ಕ ತೆತ್ತವರು ನಿಗದಿತ ದಿನದಂದು ತಮ್ಮ ಕಾರನ್ನು ಓಡಿಸಬಹುದು. ಇದಕ್ಕೆ ‘ಟ್ರ್ಯಾಕ್ ಡೇ’ ಎಂದು ಹೆಸರು. ಪಥಕ್ಕೆ ಬೇಕಾದ ಟೈರು ಮೃದುವಾದ ರಬ್ಬರಿನದು. ಹಿಡಿತ ಹೆಚ್ಚು, ಬಾಳಿಕೆ ಕಡಿಮೆ. ಸಾರ್ವಜನಿಕ ರಸ್ತೆಯಲ್ಲಿ ಅದನ್ನು ಸವೆಸುವುದು ನಷ್ಟ. ಮಳೆ ಬಂದರೆ ಅಪಾಯವೂ ಹೌದು. ಆದ್ದರಿಂದ ಹವ್ಯಾಸಿಯು ಸಾಧಾರಣ ಟೈರಿನ ಮೇಲೆ ಪಥದವರೆಗೆ ಹೋಗಿ, ಅಲ್ಲಿ ಟೈರು ಬದಲಿಸಿಕೊಳ್ಳುತ್ತಾನೆ. ಎರಡೇ ಆಸನದ ಕಾರಿನಲ್ಲಿ ನಾಲ್ಕು ಹೆಚ್ಚುವರಿ ಚಕ್ರಗಳಿಗೆ ಸ್ಥಳವೆಲ್ಲಿ? ಈ ಕೊರತೆಯಿಂದ ಹುಟ್ಟಿದ ಸರಕೇ ‘ಟೈರ್ ಟ್ರೇಲರ್’.

ಸರಕು ಚಿಕ್ಕದಾದರೂ ಅದರ ಆಯ್ಕೆಯಲ್ಲಿ ತಪ್ಪಿದರೆ ಹೆದ್ದಾರಿಯ ಮೇಲೆ ಪ್ರಾಣಕ್ಕೇ ಸಂಚಕಾರ. ಸಾಧನ ಕೊಳ್ಳುವ ವರ್ತಕನಿಗೂ ಅದನ್ನು ತಯಾರಿಸುವ ಸಣ್ಣ ಉದ್ದಿಮೆದಾರನಿಗೂ ಈ ಆಯ್ಕೆಯ ಕ್ರಮದಲ್ಲಿ ಕಲಿಯತಕ್ಕ ಪಾಠವಿದೆ.

ಹೊರೆ ಎಷ್ಟು?

ಆಯ್ಕೆಯು ಟ್ರೇಲರಿನಿಂದ ಅಲ್ಲ, ಹೊರೆಯಿಂದ ಆರಂಭವಾಗಬೇಕು. ಉದಾಹರಣೆಗೆ 1989ರಲ್ಲಿ ಮಾರುಕಟ್ಟೆಗೆ ಬಂದ ಮಜ್ದಾ ಎಂಎಕ್ಸ್-5 ಮೊದಲ ಪೀಳಿಗೆಯ ಕಾರನ್ನು ತೆಗೆದುಕೊಳ್ಳಬಹುದು. ಇಂತಹ ಕಾರಿಗೆ ಪಥದ ಮೇಲೆ ಹಾಕುವ 205/50 ಆರ್ 15 ಅಳತೆಯ ಟೈರಿನ ಹೊರವ್ಯಾಸ ಸುಮಾರು 59 ಸೆಂ.ಮೀ. ಹಗುರ ಲೋಹದ ರಿಮ್ ಸೇರಿ ಒಂದು ಚಕ್ರದ ತೂಕ ಸುಮಾರು 16 ಕೆ.ಜಿ. ಎಂದಿಟ್ಟುಕೊಂಡರೆ ನಾಲ್ಕಕ್ಕೆ 64 ಕೆ.ಜಿ. ಜ್ಯಾಕ್, ಪಾನಾ ಮುಂತಾದ ಉಪಕರಣಗಳು ಮತ್ತು 20 ಲೀಟರ್ ಪೆಟ್ರೋಲ್ ಸೇರಿ ಮತ್ತೆ 46 ಕೆ.ಜಿ. ಹೊರೆಯ ಮೊತ್ತ 110 ಕೆ.ಜಿ.; ಟ್ರೇಲರಿನ ಸ್ವಂತ ತೂಕ 90 ಕೆ.ಜಿ. ಸೇರಿದರೆ 200 ಕೆ.ಜಿ.

ಕಾರಿನ ಮಿತಿ

ಎರಡನೆಯ ಪ್ರಶ್ನೆ ಕಾರಿನದು. ಅನೇಕ ಸ್ಪೋರ್ಟ್ಸ್ ಕಾರುಗಳನ್ನು ಎಳೆಯುವ ಕೆಲಸಕ್ಕಾಗಿ ರೂಪಿಸಿರುವುದಿಲ್ಲ. ಕೈಪಿಡಿಯಲ್ಲಿ ‘ಟ್ರೇಲರ್ ಎಳೆಯಬಾರದು’ ಎಂದಿದ್ದರೆ ವಿಚಾರ ಅಲ್ಲಿಗೇ ಮುಗಿಯಬೇಕು. ಅಮೆರಿಕದ ಒಂದನೇ ದರ್ಜೆಯ ಕೊಂಡಿಗೆ ಸುಮಾರು 907 ಕೆ.ಜಿ. ಎಳೆಯುವ ಸಾಮರ್ಥ್ಯವಿದೆಯೆಂದು ನಮೂದಿಸಿರುತ್ತಾರೆ. ಅದು ಕೊಂಡಿಯ ಸಾಮರ್ಥ್ಯವೇ ಹೊರತು ಕಾರಿನದಲ್ಲ. ಕಾರು, ಕೊಂಡಿ, ಗುಂಡು, ಟ್ರೇಲರ್ ಈ ನಾಲ್ಕರಲ್ಲಿ ಯಾವುದರ ಮಿತಿ ಅತಿ ಕಡಿಮೆಯೋ ಅದೇ ಇಡೀ ಜೋಡಣೆಯ ಮಿತಿ.

ಎಂಎಕ್ಸ್-5 ಕಾರಿನ ಮುಂದಿನ ಹಾಗೂ ಹಿಂದಿನ ಚಕ್ರಗಳ ನಡುವಿನ ಅಂತರ 2,265 ಮಿ.ಮೀ. ಮಾತ್ರ. ಗಿಡ್ಡ ಕಾರನ್ನು ಹಿಂದಿನ ಟ್ರೇಲರ್ ಅತ್ತಿತ್ತ ತೂಗುವುದು ಸುಲಭ. ಮೇಲಾಗಿ ಇಂತಹ ಚಿಕ್ಕ ಟ್ರೇಲರಿಗೆ ಸಾಮಾನ್ಯವಾಗಿ ಸ್ವಂತ ಬ್ರೇಕ್ ಇರುವುದಿಲ್ಲ. ಚಾಲಕನೂ ಸೇರಿ 1,050 ಕೆ.ಜಿ. ತೂಗುವ ಕಾರಿಗೆ 200 ಕೆ.ಜಿ. ಸೇರಿದಾಗ, ಬ್ರೇಕಿನ ಬಲ ಅಷ್ಟೇ ಇದ್ದರೆ, ನಿಲ್ಲುವ ದೂರ ಸುಮಾರು ಐದನೆಯ ಒಂದು ಭಾಗದಷ್ಟು ಹೆಚ್ಚುತ್ತದೆ.

ಸಾಮರ್ಥ್ಯ ಹೆಚ್ಚಾದರೆ ಲಾಭವೇ?

‘ಸ್ವಲ್ಪ ದೊಡ್ಡದೇ ಇರಲಿ, ಮುಂದೆ ಉಪಯೋಗಕ್ಕೆ ಬಂದೀತು’ ಎಂಬುದು ಕೊಳ್ಳುವವರ ಸಾಮಾನ್ಯ ಧೋರಣೆ. ಟೈರ್ ಟ್ರೇಲರಿನ ವಿಷಯದಲ್ಲಿ ಈ ಧೋರಣೆಯೇ ತೊಂದರೆಯ ಮೂಲ. 450 ಕೆ.ಜಿ. ಹೊರೆಗೆಂದು ಕೂರಿಸಿದ ಲೀಫ್ ಸ್ಪ್ರಿಂಗ್ 110 ಕೆ.ಜಿ. ಹೊರೆಗೆ ಬಾಗುವುದೇ ಕಡಿಮೆ. ಬಾಗದ ಸ್ಪ್ರಿಂಗ್ ಇದ್ದೂ ಇಲ್ಲದಂತೆ. ರಸ್ತೆಯ ಪ್ರತಿಯೊಂದು ಉಬ್ಬಿಗೂ ಚಕ್ರ ನೆಲ ಬಿಟ್ಟು ಪುಟಿಯುತ್ತದೆ, ಬೋಲ್ಟುಗಳು ಸಡಿಲಗೊಳ್ಳುತ್ತವೆ, ದೀಪಗಳ ತಂತಿ ಕಡಿಯುತ್ತದೆ, ಹೊರೆ ಸ್ಥಳ ಬಿಟ್ಟು ಜರುಗುತ್ತದೆ. ಆದ್ದರಿಂದ ನಿಜವಾದ ಹೊರೆಗೆ ಅಲ್ಪಸ್ವಲ್ಪ ಹೆಚ್ಚುವರಿ ಅವಕಾಶವಿಟ್ಟು, ಅದಕ್ಕೆ ಹೊಂದುವ ಮೃದು ಸ್ಪ್ರಿಂಗ್ ಇರುವ ಟ್ರೇಲರನ್ನೇ ಆರಿಸುವುದು ವಿವೇಕ.

ಚಿಕ್ಕ ಚಕ್ರದ ದುಡಿಮೆ

ಸ್ಪ್ರಿಂಗಿನಲ್ಲಿ ಅತಿಯಾದ ಬಲ ಬೇಡವಾದರೂ ಚಕ್ರದಲ್ಲಿ ಜಿಪುಣತನ ಸಲ್ಲದು. ಅಗ್ಗದ ಟ್ರೇಲರುಗಳಲ್ಲಿ 8 ಇಂಚಿನ ರಿಮ್ಮಿಗೆ ಹಾಕುವ ಟೈರಿನ ಹೊರವ್ಯಾಸ ಸುಮಾರು 41 ಸೆಂ.ಮೀ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಅದು ನಿಮಿಷಕ್ಕೆ ಸುಮಾರು 1,300 ಬಾರಿ ತಿರುಗಬೇಕು. 12 ಇಂಚಿನ ರಿಮ್ಮಿನ, 53 ಸೆಂ.ಮೀ. ವ್ಯಾಸದ ಟೈರು ಅದೇ ವೇಗಕ್ಕೆ ಸುಮಾರು 1,000 ಬಾರಿ ತಿರುಗಿದರೆ ಸಾಕು. ಕಾರಿನ ಚಕ್ರಕ್ಕಾದರೆ 900 ಬಾರಿ. ಹೆಚ್ಚು ತಿರುಗುವ ಚಕ್ರದಲ್ಲಿ ಬೇರಿಂಗ್ ಬೇಗ ಕಾಯುತ್ತದೆ, ಗ್ರೀಸ್ ಬೇಗ ಕೆಡುತ್ತದೆ. ಚಿಕ್ಕ ಚಕ್ರವು ಗುಂಡಿಯೊಳಗೆ ಆಳವಾಗಿಯೂ ಇಳಿಯುತ್ತದೆ. ತೋಟದ ಕಸ ಸಾಗಿಸಲು ಸಾಕಾಗುವ 8 ಇಂಚಿನ ಚಕ್ರ, ನೂರಾರು ಕಿ.ಮೀ. ಹೆದ್ದಾರಿ ಪ್ರಯಾಣಕ್ಕೆ ಹೇಳಿಸಿದ್ದಲ್ಲ.

ಮೂಕಿಯ ಭಾರ

ಎತ್ತಿನ ಗಾಡಿಯಲ್ಲಿ ಹೊರೆ ಹಿಂದಕ್ಕೆ ಹೆಚ್ಚಾದರೆ ಮೂಕಿ ಮೇಲಕ್ಕೇಳುತ್ತದೆ, ಮುಂದಕ್ಕೆ ಹೆಚ್ಚಾದರೆ ಎತ್ತಿನ ಹೆಗಲು ನೋಯುತ್ತದೆ. ಗಾಡಿ ಹೇರುವ ರೈತನಿಗೆ ಇದು ಹೇಳಿಕೊಡಬೇಕಾದ ವಿಷಯವಲ್ಲ. ಟ್ರೇಲರಿನ ಶಾಸ್ತ್ರವೂ ಇದೇ. ವೇಗ ಮಾತ್ರ ಬೇರೆ. ಒಟ್ಟು ತೂಕದ ಶೇ. 10ರಿಂದ 15ರಷ್ಟು ಭಾರ ಮೂಕಿಯ ಮೂಲಕ ಕಾರಿನ ಕೊಂಡಿಯ ಮೇಲೆ ಬೀಳಬೇಕೆಂಬುದು ಅಮೆರಿಕದಲ್ಲಿ ರೂಢಿಯಲ್ಲಿರುವ ನಿಯಮ. ಅದಕ್ಕಿಂತ ತೀರ ಕಡಿಮೆಯಾದರೆ ವೇಗದಲ್ಲಿ ಟ್ರೇಲರ್ ಹಾವಿನಂತೆ ಹೊಯ್ದಾಡತೊಡಗುತ್ತದೆ.

ಒಂದು ಲೆಕ್ಕ ಮಾಡಿ ನೋಡಬಹುದು. ತೊಟ್ಟಿಯ ಅಗಲ 102 ಸೆಂ.ಮೀ., ಉದ್ದ 122 ಸೆಂ.ಮೀ.; ಆಕ್ಸಲ್ ತೊಟ್ಟಿಯ ನಡುಮಧ್ಯದಲ್ಲಿದೆ; ಆಕ್ಸಲಿನಿಂದ ಕೊಂಡಿಗೆ ಇರುವ ದೂರ 2 ಮೀಟರ್. ಖಾಲಿ ಟ್ರೇಲರಿನ ಮೂಕಿಭಾರ 10 ಕೆ.ಜಿ. ಎಂದಿರಲಿ. ನಾಲ್ಕು ಚಕ್ರಗಳನ್ನು ಒಂದರ ಪಕ್ಕದಲ್ಲಿ ಒಂದರಂತೆ ಸಾಲಾಗಿ ನಿಲ್ಲಿಸಿದರೆ ಸುಮಾರು 85 ಸೆಂ.ಮೀ. ಅಗಲ ಸಾಕು. ಅವು ಸರಿಯಾಗಿ ಆಕ್ಸಲಿನ ಮೇಲೆ ನಿಂತರೆ ಮೂಕಿಗೆ ಅವುಗಳ ಭಾರ ಸೇರದು. ತೊಟ್ಟಿಯ ಮುಂದೆಯೂ ಹಿಂದೆಯೂ ತಲಾ 31 ಸೆಂ.ಮೀ. ಸ್ಥಳ ಉಳಿಯುತ್ತದೆ.

46 ಕೆ.ಜಿ. ಉಪಕರಣಗಳನ್ನು ಮುಂದಿನ ಸ್ಥಳದಲ್ಲಿ, ಎಂದರೆ ಆಕ್ಸಲಿನಿಂದ 46 ಸೆಂ.ಮೀ. ಮುಂದೆ ಇಟ್ಟರೆ, 46ನ್ನು 0.46ರಿಂದ ಗುಣಿಸಿ 2ರಿಂದ ಭಾಗಿಸಿದಾಗ 10.6 ಕೆ.ಜಿ. ಬರುತ್ತದೆ. ಒಟ್ಟು ಮೂಕಿಭಾರ 20.6 ಕೆ.ಜಿ.; ಎಂದರೆ 200 ಕೆ.ಜಿ.ಗೆ ಶೇ. 10.3. ಇದು ಸರಿಯಾದ ಹೇರಿಕೆ. ಅದೇ ಪೆಟ್ಟಿಗೆಯನ್ನು ಹಿಂದಿನ ಸ್ಥಳದಲ್ಲಿಟ್ಟರೆ 10ರಲ್ಲಿ 10.6 ಕಳೆದು, ಮೂಕಿ ಕೊಂಡಿಯನ್ನು ಮೇಲಕ್ಕೆತ್ತತೊಡಗುತ್ತದೆ. ಸರಕೂ ಅದೇ, ಟ್ರೇಲರೂ ಅದೇ. ಪೆಟ್ಟಿಗೆಯ ಸ್ಥಾನವೊಂದೇ ಬದಲಾಗಿದೆ. ಮೂಕಿಯ ತುದಿಯನ್ನು ಕೊಂಡಿಯ ಎತ್ತರದಲ್ಲಿ ತಕ್ಕಡಿಯ ಮೇಲೆ ಆನಿಸಿ ತೂಗಿದರೆ ಲೆಕ್ಕ ಸರಿಯೇ ಎಂಬುದು ಮನೆಯಲ್ಲೇ ತಿಳಿಯುತ್ತದೆ. ಉದ್ದ ಮೂಕಿಯ ಟ್ರೇಲರ್ ಓಟದಲ್ಲಿ ಸ್ಥಿರ. ಹಿಂದಕ್ಕೆ ಸರಿಸುವಾಗಲೂ ಹಠಾತ್ತನೆ ಮಡಚಿಕೊಳ್ಳದು.

ಜೋಡಣೆ, ದೀಪ ಮತ್ತು ಕಾನೂನು

ಅಮೆರಿಕದಲ್ಲಿ ಕೊಂಡಿಯ ಗುಂಡಿನ ವ್ಯಾಸ 47.6 ಮಿ.ಮೀ. ಮತ್ತು 50.8 ಮಿ.ಮೀ. ಎಂಬ ಬಗೆಗಳು ಬಳಕೆಯಲ್ಲಿವೆ. ಯುರೋಪಿನಲ್ಲಿ 50 ಮಿ.ಮೀ. ದೊಡ್ಡ ಗುಂಡಿನ ಟೊಪ್ಪಿಗೆಯನ್ನು ಚಿಕ್ಕ ಗುಂಡಿನ ಮೇಲೆ ಕೂರಿಸಿದರೆ ಕಣ್ಣಿಗೆ ಸರಿಯಾಗಿಯೇ ಕಾಣುತ್ತದೆ, ಉಬ್ಬಿನ ಮೇಲೆ ಕಳಚಿಕೊಳ್ಳುತ್ತದೆ. ಸುರಕ್ಷಾ ಸರಪಳಿಯನ್ನು ಮರೆಯುವಂತಿಲ್ಲ. ಅಮೆರಿಕದ ಸಾಧಾರಣ ಟ್ರೇಲರುಗಳಲ್ಲಿ ಬ್ರೇಕಿಗೂ ತಿರುವಿಗೂ ಒಂದೇ ದೀಪ. ಕಾರಿನಲ್ಲಿ ಇವೆರಡೂ ಬೇರೆಯಾಗಿದ್ದರೆ ನಡುವೆ ಪರಿವರ್ತಕ ಜೋಡಿಸಬೇಕು.

ಬೋಲ್ಟುಗಳಿಂದ ಜೋಡಿಸುವ ಟ್ರೇಲರ್ ಪೆಟ್ಟಿಗೆಯಲ್ಲಿ ಬರುವುದರಿಂದ ಅಗ್ಗ. ಆದರೆ ಲಾಕ್ ನಟ್ಟುಗಳನ್ನೇ ಬಳಸಿ, ಮೊದಲ ಪ್ರಯಾಣದ ಅನಂತರ ಎಲ್ಲವನ್ನೂ ಮತ್ತೊಮ್ಮೆ ಬಿಗಿಮಾಡಬೇಕು. ಬೆಸುಗೆಯ ಚೌಕಟ್ಟಿಗೆ ಬೆಲೆ ಹೆಚ್ಚು, ಉಸ್ತುವಾರಿ ಕಡಿಮೆ.

ಬ್ರಿಟನ್ನಿನಲ್ಲಿ ಬ್ರೇಕ್ ಇಲ್ಲದ ಟ್ರೇಲರಿನ ಒಟ್ಟು ತೂಕ 750 ಕೆ.ಜಿ. ಅಥವಾ ಕಾರಿನ ತೂಕದ ಅರ್ಧ, ಇವೆರಡರಲ್ಲಿ ಕಡಿಮೆಯಾದುದನ್ನು ಮೀರಬಾರದು. ಅಲ್ಲಿನ ಮೋಟಾರುಮಾರ್ಗದಲ್ಲಿ ಟ್ರೇಲರ್ ಎಳೆಯುವ ಕಾರಿನ ವೇಗಮಿತಿ ಗಂಟೆಗೆ 60 ಮೈಲಿ, ಎಂದರೆ ಸುಮಾರು 96 ಕಿ.ಮೀ.; ಕ್ಯಾಲಿಫೋರ್ನಿಯದಲ್ಲಿ 55 ಮೈಲಿ, ಎಂದರೆ ಸುಮಾರು 88 ಕಿ.ಮೀ.

ಆಯ್ಕೆಯ ಕ್ರಮ

1. ಹೊರೆಯನ್ನು ಅಂದಾಜಿಸದೆ ತೂಗಬೇಕು.
2. ಕಾರಿನ ಕೈಪಿಡಿಯ ಮಿತಿಯನ್ನು ಓದಬೇಕು. ನಿಷೇಧವಿದ್ದರೆ ಅಲ್ಲಿಗೇ ಕೈಬಿಡಬೇಕು.
3. ಹೊರೆಗೆ ಹೊಂದುವ ಸ್ಪ್ರಿಂಗ್, ವೇಗಕ್ಕೆ ಹೊಂದುವ ಚಕ್ರ, ಸಾಕಷ್ಟು ಉದ್ದದ ಮೂಕಿ ಇವುಗಳನ್ನು ನೋಡಬೇಕು.
4. ಗುಂಡಿನ ಅಳತೆ, ದೀಪ, ಸರಪಳಿ, ಹೆಚ್ಚುವರಿ ಚಕ್ರ ಇವುಗಳನ್ನು ಪರಿಶೀಲಿಸಬೇಕು.
5. ಬೆಲೆಯನ್ನು ಕೊನೆಯಲ್ಲಿ ಹೋಲಿಸಬೇಕು.

ತಯಾರಕನಿಗೂ ಇದರಲ್ಲಿ ಸೂಚನೆಯಿದೆ. ಚೌಕಟ್ಟು, ಸ್ಪ್ರಿಂಗ್, ಹಬ್ಬು, ಬೇರಿಂಗ್ ಇವೆಲ್ಲ ಸಣ್ಣ ಕೈಗಾರಿಕಾ ಘಟಕಗಳಿಗೆ ಪರಿಚಿತವಾದ ವಸ್ತುಗಳೇ. ಆದರೆ ‘450 ಕೆ.ಜಿ. ಸಾಮರ್ಥ್ಯ’ ಎಂಬ ಒಂದೇ ಅಂಕಿಯನ್ನು ಫಲಕದ ಮೇಲೆ ಬರೆದರೆ ಗ್ರಾಹಕನಿಗೆ ಸತ್ಯದ ಅರ್ಧ ಭಾಗವನ್ನು ಮಾತ್ರ ತಿಳಿಸಿದಂತಾಯಿತು. ಎಷ್ಟು ಹೊರೆಗೆ, ಯಾವ ವೇಗಕ್ಕೆ, ಎಲ್ಲಿ ಹೇರಬೇಕು ಎಂಬ ಮೂರನ್ನೂ ಸ್ಪಷ್ಟವಾಗಿ ನಮೂದಿಸುವ ತಯಾರಕನು ಗ್ರಾಹಕನ ಪ್ರಾಣವನ್ನೂ ತನ್ನ ವ್ಯಾಪಾರದ ಹೆಸರನ್ನೂ ಏಕಕಾಲಕ್ಕೆ ಕಾಪಾಡಿಕೊಳ್ಳುತ್ತಾನೆ. ದೊಡ್ಡ ಸಾಧನಕ್ಕಿಂತ ಕೆಲಸಕ್ಕೆ ತಕ್ಕ ಸಾಧನವೇ ಲೇಸೆಂಬುದು ನಾಲ್ಕು ಟೈರುಗಳ ಈ ಪುಟ್ಟ ಗಾಡಿ ಕಲಿಸುವ ಪಾಠ.